ರಾಣಿಬಾಗಿನ ದೊಡ್ಡ ಹುಣಸೆ

ದಿವಾದಿಂದ ಲೋಕಲ್ ಹಿಡಿದು ಬೈಕುಲಾದಲ್ಲಿ ಇಳಿದು, ಪೂರ್ವ ದಿಕ್ಕಿಗೆ ಸ್ವಲ್ಪ ನಡೆದರೆ ರಾಣಿಬಾಗ್. ಊರಿನಿಂದ ನೆಂಟರು ಬಂದಾಗಲೆಲ್ಲ ನಾವು ಅವರನ್ನು ಅಲ್ಲಿಗೆ ಕರೆದೊಯ್ದವರೇ. ಹಿಂದೆ ಆನೆ, ಹುಲಿಗಳನ್ನು ತೋರಿಸಲು; 2017ರಿಂದೀಚೆಗೆ ಪೆಂಗ್ವಿನ್ ತೋರಿಸಲು. ಆದರೆ ಈ ತೋಟ ಹುಟ್ಟಿದ್ದು ಪ್ರಾಣಿಗಳಿಗಾಗಿ ಅಲ್ಲ, ಗಿಡಮರಗಳಿಗಾಗಿ ಎಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ.

ಇದರ ಮೂಲ ಮುಂಬಯಿಯ ಪೂರ್ವ ಕಡಲಂಚಿನ ಶಿವಡಿಯಲ್ಲಿದೆ. 1835ರಲ್ಲಿ ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕಾ ಸಂಘಕ್ಕೆ ಸರಕಾರ ಅಲ್ಲಿ ಸಸ್ಯೋದ್ಯಾನಕ್ಕಾಗಿ ಜಾಗ ನೀಡಿತು. ಕಾಲು ಶತಮಾನ ಕಳೆಯುವಷ್ಟರಲ್ಲಿ ಆ ನೆಲ ಯುರೋಪಿಯನ್ನರ ಸ್ಮಶಾನಕ್ಕೆ ಬೇಕಾಯಿತು. ಸಂಘವು ಬೇರೆ ಜಾಗ ಕೇಳಿ, ಮಜಗಾಂವ್ ಬಳಿ 33 ಎಕರೆ ಪಡೆಯಿತು. 1862ರ ನವೆಂಬರ್ 19ರಂದು ಲೇಡಿ ಫ್ರಿಯರ್ ಹೊಸ ತೋಟವನ್ನು ಉದ್ಘಾಟಿಸಿದರು. ವಿಕ್ಟೋರಿಯಾ ಗಾರ್ಡನ್ಸ್ ಎಂದು ಹೆಸರಾಯಿತು. 1873ರಲ್ಲಿ ಸಂಘ ನಿಂತುಹೋಗಿ ತೋಟ ನಗರಪಾಲಿಕೆಯ ಕೈಗೆ ಬಂತು. ಮೃಗಾಲಯ ಸೇರಿದ್ದು ಆಮೇಲೆ, 1890ರಲ್ಲಿ. ಇಂದು ಅದರ ಅಧಿಕೃತ ಹೆಸರು ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ರಾಣಿಯ ತೋಟವೇ.

ಒಳಗೆ ಆಫ್ರಿಕದ ಬಾವೊಬಾಬ್ ಮರಗಳಿವೆ. ಆನೆಯ ಮೈಯಂಥ ಬೂದು ಕಾಂಡ, ಎಲೆ ಉದುರಿದಾಗ ಬೇರೇ ಮೇಲಾಗಿ ನೆಟ್ಟಂತೆ ಕಾಣುವ ಕೊಂಬೆಗಳು. ಸೆನೆಗಲ್‌ನಲ್ಲಿ ಈ ಮರವನ್ನು ಕಂಡು ವರ್ಣಿಸಿದ ಫ್ರೆಂಚ್ ವಿಜ್ಞಾನಿ ಆದನ್‌ಸೋನನ ಹೆಸರನ್ನು ಲಿನೇಯಸ್ ಇದಕ್ಕೆ ಇಟ್ಟ. ಆದರೆ ಅರಬ್ಬರೊಡನೆಯೂ ಆಫ್ರಿಕದವರೊಡನೆಯೂ ಈ ಮರ ಕಡಲು ದಾಟಿ ಬಂದಾಗ ನಮ್ಮ ಜನ ಆ ಹೆಸರಿಗೆ ಕಾಯಲಿಲ್ಲ. ಹಣ್ಣಿನ ತಿರುಳನ್ನು ಬಾಯಿಗಿಟ್ಟರು, ಹುಳಿ ಎಂದರು. ಮರಾಠಿಯಲ್ಲಿ ಇದು ಗೋರಖ್ ಚಿಂಚ್, ಅಂದರೆ ಗೋರಖನ ಹುಣಸೆ. ಹಾವೇರಿ ಜಿಲ್ಲೆಯ ಸವಣೂರಿನ ಮಠದಲ್ಲಿ ಹೆಸರುವಾಸಿಯಾದ ಇದೇ ಜಾತಿಯ ಮರಗಳನ್ನು ಕನ್ನಡಿಗರು ದೊಡ್ಡ ಹುಣಸೆ ಎಂದರು. ಮಠಕ್ಕೂ ಅದೇ ಹೆಸರು ಬಂತು. ಹುಣಸೆಗೂ ಇದಕ್ಕೂ ಸಸ್ಯಶಾಸ್ತ್ರದ ನೆಂಟಸ್ತಿಕೆಯಿಲ್ಲ. ನೆಂಟಸ್ತಿಕೆ ಬೆಳೆಸಿದ್ದು ನಾಲಗೆ.

ಇನ್ನೊಂದು ಮರ ದಕ್ಷಿಣ ಅಮೆರಿಕದ್ದು. ಇಂಗ್ಲಿಷರಿಗೆ ಅದರ ಕಾಯಿಯಲ್ಲಿ ತೋಪಿನ ಗುಂಡು ಕಂಡಿತು. ನಮಗೆ ಅದರ ಹೂವಿನಲ್ಲಿ ಹೆಡೆ ಬಿಚ್ಚಿದ ನಾಗನೂ ಲಿಂಗವೂ ಕಂಡವು. ಅದು ನಾಗಲಿಂಗ ಪುಷ್ಪವಾಯಿತು. ಮರಾಠಿಯವರಿಗೆ ಅದು ಕೈಲಾಸಪತಿ. ಬರ್ಮಾದಿಂದ ಬಂದ ಕೆಂಪು ಹೂಗೊಂಚಲಿನ ಅಪೂರ್ವ ಮರಕ್ಕೆ ಗವರ್ನರ್ ಜನರಲ್ ಆಮ್‌ಹರ್ಸ್ಟ್ ಅವರ ಪತ್ನಿಯ ಹೆಸರಿನಿಂದ ಆಮ್‌ಹರ್ಸ್ಟಿಯಾ ಎಂದು ನಾಮಕರಣವಾಗಿತ್ತು. ಇಲ್ಲಿ ಅದು ಉರ್ವಶಿ.

ಮರ ತಂದವರ ಕಥೆಯನ್ನು ನಾಮಫಲಕ ಹೇಳುತ್ತದೆ. ಮರವನ್ನು ಬರಮಾಡಿಕೊಂಡವರ ಕಥೆ ಈ ಆಡುಮಾತಿನ ಹೆಸರುಗಳಲ್ಲಿದೆ. ಎರಡನೆಯದನ್ನು ಯಾವ ಸಂಘದ ವರದಿಯೂ ಬರೆದಿಡಲಿಲ್ಲ. ಹೊಟ್ಟೆಪಾಡಿಗೆ ಘಟ್ಟ ಇಳಿದೋ ಕರಾವಳಿಯಿಂದಲೋ ಬಂದು ಈ ನಗರದಲ್ಲಿ ಬೇರೂರಿದ ನಮಗೆ ಅದು ಬೇಗ ಅರ್ಥವಾಗಬೇಕು. ಬಂದವರು ಇಲ್ಲಿಯವರಾದದ್ದು ದಾಖಲೆಯಿಂದಲ್ಲ, ನೆರೆಯವರು ತಮ್ಮ ನುಡಿಯಲ್ಲಿ ಕರೆಯತೊಡಗಿದ ಮೇಲೆ.

ಶಿವಡಿಯ ತೋಟ ಒಮ್ಮೆ ಹೋಯಿತು. 2007ರಲ್ಲಿ ರಾಣಿಬಾಗನ್ನು ಅಂತಾರಾಷ್ಟ್ರೀಯ ಮಟ್ಟದ ಮೃಗಾಲಯವಾಗಿ ಮಾರ್ಪಡಿಸುವ ಭಾರಿ ಯೋಜನೆ ಬಂದಾಗ, ಹಳೆಯ ಮರಗಳ ಗತಿಯೇನೆಂದು ಕೇಳಿದವರು ಸಾಮಾನ್ಯ ನಾಗರಿಕರು ಮತ್ತು ಸಸ್ಯಪ್ರಿಯರು. ಅವರು ವರ್ಷಗಟ್ಟಲೆ ಹೋರಾಡಿದ್ದರಿಂದ ಅದು ಮೊದಲಿನ ರೂಪದಲ್ಲಿ ನಡೆಯಲಿಲ್ಲ. ಮರವನ್ನು ಹೆಸರು ಹಿಡಿದು ಗುರುತಿಸಬಲ್ಲವರು ಇದ್ದರೆಂದೇ ಆ ಪ್ರಶ್ನೆ ಎದ್ದಿತು.

ಮುಂದಿನ ಸಲ ನೆಂಟರೊಡನೆ ಹೋದಾಗ ಪೆಂಗ್ವಿನ್ ನೋಡಿದ ಮೇಲೆ ಹತ್ತು ನಿಮಿಷ ಉಳಿಸಿಕೊಳ್ಳಿ. ಬುಧವಾರ ತೋಟಕ್ಕೆ ರಜೆ, ನೆನಪಿರಲಿ. ಜತೆಗಿರುವ ಮಕ್ಕಳಿಗೆ ಆ ಬೂದು ಕಾಂಡವನ್ನು ಮುಟ್ಟಿಸಿ, ಇದು ದೊಡ್ಡ ಹುಣಸೆ, ನಮ್ಮ ಸವಣೂರಿನಲ್ಲೂ ಇದೆ ಎಂದು ಹೇಳಿ.