ಮುಯ್ಯಿ ಪುಸ್ತಕದ ಹೆಸರು, ಮದುವೆ ಫೋಟೋದ ಮುಖ

ಹೋದ ಬೇಸಿಗೆಯಲ್ಲಿ ನಮ್ಮ ಬಳಗದ ಗೆಳತಿಯೊಬ್ಬಳ ಮನೆಯ ಅಟ್ಟ ಗುಡಿಸುವಾಗ ಹಳೇ ಟ್ರಂಕಿನಲ್ಲಿ ಎರಡು ವಸ್ತು ಸಿಕ್ಕವು. ಒಂದು, ಅವಳ ಅಜ್ಜಿಯ ಮದುವೆಯ ಮುಯ್ಯಿ ಪುಸ್ತಕ. ಇನ್ನೊಂದು, ಅದೇ ಮದುವೆಯ ಕಪ್ಪು ಬಿಳುಪು ಗ್ರೂಪ್ ಫೋಟೋ. ಪುಸ್ತಕದ ತುಂಬ ಹೆಸರು. ಫೋಟೋದ ತುಂಬ ಮುಖ. ಯಾವ ಹೆಸರು ಯಾವ ಮುಖದ್ದು ಎಂದು ಹೇಳಬಲ್ಲವರು ಮನೆಯಲ್ಲಿ ಅಜ್ಜಿ ಒಬ್ಬರೇ.

ಈಗ ಪಟ್ಟಣದ ಛತ್ರಗಳಲ್ಲಿ ಫೋಟೋ ಅಂಟಿಸುವ ಅತಿಥಿ ಪುಸ್ತಕ ಇಡುತ್ತಾರೆ. ಬಂದವರ ಫೋಟೋ ಅಲ್ಲೇ ತೆಗೆದು, ಅಂಟಿಸಿ, ಪಕ್ಕದಲ್ಲಿ ಅವರಿಂದಲೇ ಎರಡು ಮಾತು ಬರೆಸುತ್ತಾರೆ. ಇದು ಹೊರಗಿನ ಫ್ಯಾಷನ್ ಎಂದು ನಮ್ಮ ಹಿರಿಯರು ನಗುತ್ತಾರೆ. ಆದರೆ ಮದುವೆಗೆ ಬಂದವರ ಹೆಸರು ಬರೆದಿಡುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ.

ಚಪ್ಪರದ ಕೆಳಗಿನ ಲೆಕ್ಕ

ಹಳೇ ಮೈಸೂರು ಕಡೆ ಮುಯ್ಯಿ, ಉತ್ತರ ಕರ್ನಾಟಕದಲ್ಲಿ ಆಯೇರಿ. ಅಕ್ಷರ ಬಲ್ಲ ಒಬ್ಬರು ಚಪ್ಪರದ ಕೆಳಗೆ ಕೂತು ಹೆಸರು, ಊರು, ಕೊಟ್ಟ ಹಣ ಬರೆಯುತ್ತಿದ್ದರು. ಪುಟದ ಮೇಲೆ ಶ್ರೀ, ಮೂಲೆಗೆ ಅರಿಸಿನ ಕುಂಕುಮ.

ಇದು ಬರೀ ಉಡುಗೊರೆಯ ಪಟ್ಟಿಯಾಗಿರಲಿಲ್ಲ. ಬ್ಯಾಂಕು ಹತ್ತಿರವಿಲ್ಲದ ಕಾಲದಲ್ಲಿ ಒಂದು ಮದುವೆಯ ಖರ್ಚನ್ನು ಹತ್ತಾರು ಮನೆಗಳು ಹೊರುತ್ತಿದ್ದವು. ಅವರ ಮನೆಯಲ್ಲಿ ಶುಭಕಾರ್ಯವಾದಾಗ ಪುಸ್ತಕ ತೆಗೆದು ನೋಡಿ, ಅಷ್ಟಕ್ಕೆ ಕಡಿಮೆಯಿಲ್ಲದಂತೆ ವಾಪಸ್ ಹಾಕಬೇಕು. ಮುಯ್ಯಿಗೆ ಮುಯ್ಯಿ ಎಂಬ ಮಾತೇ ಇದೆಯಲ್ಲ. ಕೂಲಿ ಮಾಡುವ ಮನೆಗೆ ಇದು ಆಸರೆಯೂ ಹೌದು, ತೀರದ ಸಾಲವೂ ಹೌದು.

ಕಾನೂನು ಕೂಡ ಇಂಥದ್ದೊಂದು ಪಟ್ಟಿ ಕೇಳುತ್ತದೆ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ, ಮದುವೆಯಲ್ಲಿ ಬಂದ ಉಡುಗೊರೆ, ಅದರ ಅಂದಾಜು ಬೆಲೆ, ಕೊಟ್ಟವರ ಹೆಸರು, ಕೊಟ್ಟವರು ನೆಂಟರಾದರೆ ಆ ಸಂಬಂಧ, ಇಷ್ಟನ್ನೂ ಬರೆದಿಡಬೇಕು. ವಧುವಿಗೆ ಬಂದದ್ದರ ಪಟ್ಟಿ ವಧುವಿನ ಹತ್ತಿರ, ವರನಿಗೆ ಬಂದದ್ದರ ಪಟ್ಟಿ ವರನ ಹತ್ತಿರ. ಇಬ್ಬರ ಸಹಿಯೂ ಇರಬೇಕು. ನಾಳೆ ಜಗಳವಾದರೆ ಹೆಣ್ಣುಮಗಳ ವಸ್ತು ಅವಳಿಗೆ ಸಿಗಲೆಂದು ಈ ನಿಯಮ. ನಮ್ಮ ಕಡೆ ಇದನ್ನು ಪಾಲಿಸಿದ ಮನೆ ನಾವಂತೂ ನೋಡಿಲ್ಲ.

ಅಜ್ಜಿಯ ಮುಯ್ಯಿ ಪುಸ್ತಕದಲ್ಲಿ ಹೆಚ್ಚಿನವು ಗಂಡಸರ ಹೆಸರುಗಳೇ. ಹೆಂಗಸರು ತಂದ ರವಿಕೆ ಕಣ, ತೆಂಗಿನಕಾಯಿ, ಅಕ್ಕಿ, ಬೆಲ್ಲ ಮಡಿಲಿಗೆ ಸೇರಿತು, ಪುಸ್ತಕಕ್ಕೆ ಸೇರಲಿಲ್ಲ.

ರೋಲಿಗೆ ಹನ್ನೆರಡು

ಫೋಟೋ ಹಳ್ಳಿಯ ಮದುವೆಗೆ ತಡವಾಗಿ ಬಂತು. ಆ ಕಾಲದ ಅಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೋ ಮಾತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ತಯಾರಿಕೆ ಶುರು ಮಾಡಿ, 'ಇಂದು' ಹೆಸರಿನಲ್ಲಿ ಫಿಲ್ಮು ಮಾರಿತು. ಆದರೂ ರೋಲು, ತೊಳೆಸುವುದು, ಪ್ರಿಂಟು ಎಲ್ಲಕ್ಕೂ ದುಡ್ಡು ಬೇಕು. ಹಾಗಾಗಿ ಧಾರೆಗೆ ಒಂದು, ತಾಳಿಗೆ ಒಂದು, ಬೀಗರ ಜೊತೆ ಒಂದು ಎಂದು ಎಣಿಸಿ ತೆಗೆಸುತ್ತಿದ್ದರು. ಅಡುಗೆಯವರು, ಓಲಗದವರು, ಎಲೆ ಎತ್ತಿದವರು ಆ ಹನ್ನೆರಡರಲ್ಲಿ ಬರುತ್ತಿದ್ದುದು ಅಪರೂಪ.

ಆಮೇಲೆ 36 ಫೋಟೋಗಳ ಕಲರ್ ರೋಲು ಬಂತು, ವಿಡಿಯೋ ಬಂತು, ಕರಿಜ್ಮಾ ಆಲ್ಬಂ ಬಂತು. ಈಗ ಮೊಬೈಲಿನಲ್ಲಿ ಸಾವಿರಾರು ಫೋಟೋ. ಹೆಸರು ಮಾತ್ರ ಈಗಲೂ ಯಾವುದರ ಕೆಳಗೂ ಇಲ್ಲ.

ತೆಗೆದ ಕೂಡಲೇ ಕೈಗೆ ಬರುವ ಫೋಟೋ ಕೂಡ ಹಳೆಯದೇ. ಅಮೆರಿಕದ ಎಡ್ವಿನ್ ಲ್ಯಾಂಡ್ ರೂಪಿಸಿದ ಪೋಲರಾಯ್ಡ್ ಕ್ಯಾಮೆರಾ 1948ರಲ್ಲಿ ಮಾರಾಟಕ್ಕೆ ಬಂತು. ಜಪಾನಿನ ಫ್ಯೂಜಿ ಕಂಪನಿ 1998ರಲ್ಲಿ ಇನ್‌ಸ್ಟಾಕ್ಸ್ ತಂದಿತು. ಛತ್ರದ ಅತಿಥಿ ಪುಸ್ತಕದಲ್ಲಿ ನೀವು ನೋಡುವ ಬಿಳಿ ಅಂಚಿನ ಪುಟ್ಟ ಫೋಟೋ ಸಾಮಾನ್ಯವಾಗಿ ಇಂಥದ್ದೇ.

ನಮ್ಮದೇ ಪುಸ್ತಕ

ಅಷ್ಟು ದುಬಾರಿ ಕ್ಯಾಮೆರಾ ಬೇಕಿಲ್ಲ. ಒಂದು ಗಟ್ಟಿ ರಟ್ಟಿನ ಉದ್ದ ನೋಟ್‌ಬುಕ್ ಸಾಕು. ಎಡಗಡೆ ಪುಟ ಖಾಲಿ ಬಿಡಿ. ಬಲಗಡೆ ಬಂದವರು ಹೆಸರು, ಊರು, ನಿಮಗೆ ಏನಾಗಬೇಕು, ಒಂದು ಮಾತು ಬರೆಯಲಿ. ಬರೆಯಲು ಬಾರದವರು ಹೇಳಿದ್ದನ್ನು ಮನೆಯ ಮಕ್ಕಳು ಬರೆದುಕೊಳ್ಳಲಿ. ಅಲ್ಲೇ ಮೊಬೈಲಿನಲ್ಲಿ ಅವರ ಫೋಟೋ ತೆಗೆದು, ವಾರದೊಳಗೆ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಎಡಗಡೆ ಅಂಟಿಸಿ. ಅಡುಗೆಯವರನ್ನೂ ಓಲಗದವರನ್ನೂ ಕರೆಯಿರಿ. ಹೆಂಗಸರ ಹೆಸರು ಗಂಡನ ಹೆಸರಿನ ಹಿಂದೆ ಅಡಗದಿರಲಿ.

ಮುಯ್ಯಿ ಹಣವನ್ನು ಮಾತ್ರ ಈ ಪುಸ್ತಕದಲ್ಲಿ ಬರೆಯಬೇಡಿ. ಅದಕ್ಕೆ ಬೇರೆ ಪುಸ್ತಕ ಇರಲಿ. ಹತ್ತು ರೂಪಾಯಿ ಕೊಟ್ಟವರೂ ಸಾವಿರ ಕೊಟ್ಟವರೂ ಇಲ್ಲಿ ಒಂದೇ ಅಳತೆಯ ಜಾಗದಲ್ಲಿರಲಿ.

ಮನೆಯಲ್ಲಿ ಮದುವೆ ಇಲ್ಲದಿದ್ದರೂ ಒಂದು ಕೆಲಸವಿದೆ. ಹಳೇ ಫೋಟೋ ತೆಗೆದುಕೊಂಡು ಹಿರಿಯರ ಹತ್ತಿರ ಕೂರಿ. ಅವರು ಹೇಳಿದ ಹೆಸರನ್ನು ಫೋಟೋದ ಹಿಂದೆ ಮೆದು ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ನಿನ ಗುರುತು ಮುಂದಕ್ಕೆ ಮೂಡುತ್ತದೆ.

ನಾವು ಅಜ್ಜಿಯ ಜೊತೆ ಎರಡು ಸಂಜೆ ಕೂತೆವು. ಫೋಟೋದಲ್ಲಿ ಇಪ್ಪತ್ತೆರಡು ಜನ. ಹದಿನೇಳು ಹೆಸರು ಸಿಕ್ಕವು. ಹಿಂದಿನ ಸಾಲಿನಲ್ಲಿ ಮಗು ಎತ್ತಿಕೊಂಡ ಹೆಂಗಸಿನ ಮೇಲೆ ಬೆರಳಿಟ್ಟು ಅಜ್ಜಿ ತುಂಬ ಹೊತ್ತು ಸುಮ್ಮನಿದ್ದರು. "ಇವ್ಳು ನಂಗೆ ಜಡೆ ಹಾಕಿದ್ಳು ಕಣವ್ವ, ಹೆಸ್ರು ಮಾತ್ರ ಬತ್ತಿಲ್ಲ" ಎಂದರು. ನಾವು ಅಷ್ಟನ್ನೇ ಬರೆದುಕೊಂಡೆವು.