ಯುಗ ತಾನಾಗಿ ಬರಲಿಲ್ಲ

‘ಶಿಲಾಯುಗ ಮುಗಿಯಿತು, ತಾಮ್ರಯುಗ ಬಂತು’ ಅಂತ ಪಾಠ ಮಾಡುತ್ತೇವೆ. ಬಂತಂತೆ, ಮಳೆ ಬಂದ ಹಾಗೆ! ಹೊತ್ತು ತಂದವರು ಯಾರು?

1991ರಲ್ಲಿ ಇಟಲಿ-ಆಸ್ಟ್ರಿಯಾ ಗಡಿಯ ಆಲ್ಪ್ಸ್ ಹಿಮದಲ್ಲಿ ಒಬ್ಬನ ಹೆಣ ಸಿಕ್ಕಿತು. ಸತ್ತು 5,000 ವರ್ಷ ದಾಟಿತ್ತು. ಜೊತೆಗೆ ಮರದ ಕಾವಿನ ತಾಮ್ರದ ಕೊಡಲಿ. ಭುಜದೊಳಗೆ ಕಲ್ಲಿನ ಬಾಣದ ಮೊನೆ. ತಾಮ್ರ ಬಂದರೂ ಕಲ್ಲು ಕೊಲ್ಲುತ್ತಲೇ ಇತ್ತು.

2017ರಲ್ಲಿ ಪರೀಕ್ಷಿಸಿದರೆ, ಆ ತಾಮ್ರ ನೂರಾರು ಕಿಲೋಮೀಟರ್ ದಕ್ಷಿಣದ ಟಸ್ಕನಿಯದು. ಮನುಷ್ಯರ ಕೈಗಳೇ ಅದನ್ನು ಬೆಟ್ಟ ಹತ್ತಿಸಿದ್ದವು.

ವಸ್ತು ಹೀಗೆ ಕೈ ಬದಲಿಸೀತು. ಕಸುಬು ಅಷ್ಟು ಸುಲಭಕ್ಕೆ ದಾಟಲ್ಲ. ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಒಲೆಯ ಉರಿ ಸಾಲದು. ಇದ್ದಿಲು ಒಟ್ಟಿ ಗಾಳಿ ಊದಬೇಕು. ಯಾವ ಕಲ್ಲು ಅದಿರು, ಎಷ್ಟು ಹೊತ್ತು ಊದಬೇಕು? ಕೊಡಲಿಯನ್ನು ಎಷ್ಟು ತಿರುವಿ ನೋಡಿದರೂ ಗೊತ್ತಾಗಲ್ಲ. ಬಲ್ಲವರ ಪಕ್ಕ ಕೂತು ಮೈ ಸುಟ್ಟುಕೊಂಡೇ ಕಲಿಯಬೇಕು. ಸರ್ಬಿಯಾದ ಬೆಲೊವೊಡೆಯಲ್ಲಿ 7,000 ವರ್ಷದ ಹಿಂದೆ ಅದಿರು ಕರಗಿಸಿದ ಕಿಟ್ಟ ಸಿಕ್ಕಿದೆ. ಕರಗಿಸಿದವರ ಹೆಸರು ಉಳಿದಿಲ್ಲ.

ಮೇಷ್ಟ್ರುಗಳೇ, ಇನ್ನು ‘ಬಂತು’ ಅನ್ನಬೇಡಿ, ‘ತಂದರು’ ಅನ್ನಿ. ಮಕ್ಕಳು ‘ಯಾರು?’ ಅಂತಾರೆ. ಕೇಳಲಿ.