ಆಲಿಯಾದ ದಿನ ಮತ್ತು ನೀರೋ ಕಾಲದ ಬೆಂಕಿ: ಒಂದು ದಿನಾಂಕಸಾಮ್ಯದ ಮರುಪರಿಶೀಲನೆ

ಕ್ರಿ.ಶ. 64ರಲ್ಲಿ, ನೀರೋನ ಆಳ್ವಿಕೆಯಲ್ಲಿ, ರೋಮ್ ನಗರ ಹೊತ್ತಿ ಉರಿಯಿತು. ನಾಲ್ಕೂವರೆ ಶತಮಾನಗಳ ಹಿಂದೆ ಗಾಲರು ಅದೇ ನಗರವನ್ನು ಸುಟ್ಟದ್ದೂ ಅದೇ ದಿನ ಎಂಬ ಮಾತು ಒಂದು ಕೈಪಿಡಿಯಿಂದ ಇನ್ನೊಂದಕ್ಕೆ ದಾಟುತ್ತಾ ಇಂದು ಪ್ರಶ್ನೆಯೇ ಇಲ್ಲದ ಸಂಗತಿಯಾಗಿ ನಿಂತುಬಿಟ್ಟಿದೆ. ದಿನವಿಶೇಷಗಳನ್ನು ಪಟ್ಟಿಮಾಡುವವರು ಇನ್ನೂ ಮುಂದೆ ಹೋಗಿ ಕ್ರೆಮೆರಾ ನದಿಯ ಬಳಿ ಫೇಬಿಯಸ್ ವಂಶದವರು ಹತರಾದದ್ದು, ಗಾಲರು ನಗರ ಹೊಗುವ ಮುನ್ನ ಆಲಿಯಾದಲ್ಲಿ ರೋಮನ್ನರಿಗಾದ ಸೋಲು, ನೀರೋ ಕಾಲದ ಬೆಂಕಿ ಈ ಮೂರನ್ನೂ ಜುಲೈ 18ರ ಕೆಳಗೆ ಬರೆಯುತ್ತಾರೆ. ಇವರೆಲ್ಲರೂ ಆಧಾರವೆಂದು ತೋರಿಸುವುದು ಟ್ಯಾಸಿಟಸ್‌ನ ‘ಆನಲ್ಸ್’ ಗ್ರಂಥದ 15ನೆಯ ಪುಸ್ತಕದ 41ನೆಯ ಅಧ್ಯಾಯವನ್ನು. ಆ ಅಧ್ಯಾಯ ಅವರ ಮಾತನ್ನು ಸಮರ್ಥಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಹೊಂದಾಣಿಕೆಯನ್ನು ಬುಡದಲ್ಲೇ ಅಲುಗಿಸುವ ಒಂದು ಸಾಕ್ಷ್ಯ ಸಿಸೆರೊನ ಪತ್ರಗಳಲ್ಲಿದೆ. ಆ ಪತ್ರವನ್ನು ರಾಜಕೀಯ ಇತಿಹಾಸಕಾರರು ಹಿಂಜಿಹಿಂಜಿ ಓದಿದ್ದಾರೆ. ದಿನಾಂಕದ ಚರ್ಚೆಗೆ ಮಾತ್ರ ಅದನ್ನು ತಂದವರು ತೀರ ವಿರಳ.

ಮೊದಲು ಟ್ಯಾಸಿಟಸ್ ಹೇಳಿದ್ದೇನು ಎಂಬುದನ್ನು ಬಿಡಿಸಿಕೊಳ್ಳಬೇಕು. ಸೆಕ್ಸ್‌ಟಿಲಿಸ್ (ಅಂದರೆ ಆಗಸ್ಟ್) ತಿಂಗಳ ಮೊದಲ ದಿನದಿಂದ, ಎರಡೂ ತುದಿಗಳನ್ನು ಸೇರಿಸಿ ಎಣಿಸಿದರೆ, ಹಿಂದಣ 14ನೆಯ ದಿನ, ಅಂದರೆ ನಮ್ಮ ಎಣಿಕೆಯ ಜುಲೈ 19ರಂದು, ಈ ಬೆಂಕಿ ಹುಟ್ಟಿತೆಂದೂ ಸೆನೋನ್ ಗಾಲರು ನಗರವನ್ನು ಹಿಡಿದು ಸುಟ್ಟದ್ದೂ ಅದೇ ದಿನವೆಂದೂ ಗಮನಿಸಿದ ಕೆಲವರಿದ್ದರು ಎಂದು ಅವನು ಬರೆಯುತ್ತಾನೆ. ಇನ್ನು ಕೆಲವರು ಎರಡು ಬೆಂಕಿಗಳ ನಡುವೆ ಅಷ್ಟೇ ವರ್ಷ, ಅಷ್ಟೇ ತಿಂಗಳು, ಅಷ್ಟೇ ದಿನ ಎಂದು ಲೆಕ್ಕ ಹಾಕುವಷ್ಟು ಮುಂದೆ ಹೋದರಂತೆ. ಇಲ್ಲಿ ಗಮನಿಸಬೇಕಾದ್ದು ಎರಡು. ಹೊಂದಾಣಿಕೆಯನ್ನು ಕಂಡವರು ‘ಕೆಲವರು’. ಟ್ಯಾಸಿಟಸ್ ಅದನ್ನು ತನ್ನ ಮಾತಾಗಿ ಹೇಳುವುದಿಲ್ಲ. ಎರಡನೆಯದು, ದಿನ 19, 18 ಅಲ್ಲ. ‘18ರ ರಾತ್ರಿ’ ಎಂಬ ಆಧುನಿಕ ಹೊಂದಿಕೆ ಇಲ್ಲಿ ನೆರವಾಗದು. ರೋಮನ್ನರ ವ್ಯವಹಾರದ ದಿನ ನಡುರಾತ್ರಿಯಿಂದ ನಡುರಾತ್ರಿಗೆ ಸಾಗುತ್ತಿತ್ತು. ಟ್ಯಾಸಿಟಸ್ 19 ಎಂದರೆ ಅದು 19ಕ್ಕೇ ಸೇರಿದ ಹೊತ್ತು. ಆಲಿಯಾದ ಕದನ 18ರಂದು ನಡೆಯಿತೆಂಬ ಕಾರಣಕ್ಕೆ ಬೆಂಕಿಯನ್ನು ಒಂದು ದಿನ ಹಿಂದಕ್ಕೆ ಎಳೆದವರು ತಾವು ಉದ್ಧರಿಸುವ ಗ್ರಂಥವನ್ನು ತೆರೆದು ನೋಡಿಲ್ಲವೆಂದೇ ಹೇಳಬೇಕಾಗುತ್ತದೆ.

ಈಗ ಸಿಸೆರೊ. ಕ್ರಿ.ಪೂ. 49ರ ಮಾರ್ಚ್. ಸೀಸರ್ ಇಟಲಿಯನ್ನು ಹೊಕ್ಕಿದ್ದಾನೆ, ಪಾಂಪೆ ದೇಶ ಬಿಟ್ಟು ಹೊರಡುವ ಸಿದ್ಧತೆಯಲ್ಲಿದ್ದಾನೆ. ಯಾರ ಕಡೆ ನಿಲ್ಲಬೇಕೆಂಬ ತಳಮಳದಲ್ಲಿ ಸಿಸೆರೊ ಗೆಳೆಯ ಆಟಿಕಸ್‌ಗೆ ಬರೆಯುತ್ತಾನೆ (ಆಟಿಕಸ್‌ಗೆ ಬರೆದ ಪತ್ರಗಳ ಸಂಗ್ರಹ, 9ನೆಯ ಪುಸ್ತಕ, 5ನೆಯ ಪತ್ರ). ಇಂದಿನ ಅನರ್ಥಕ್ಕೆ ಪಾಂಪೆ ವರ್ಷಗಳ ಹಿಂದೆ ಮಾಡಿದ ತಪ್ಪುಗಳೇ ಬೇರು ಎಂಬುದು ಅವನ ವಾದ. ಅದಕ್ಕೆ ಪುಷ್ಟಿಯಾಗಿ ಅವನು ಹಿರಿಯರ ನಡವಳಿಕೆಯನ್ನು ನೆನೆಯುತ್ತಾನೆ. ನಗರ ಶತ್ರುವಶವಾದ ದಿನಕ್ಕಿಂತ ಆಲಿಯಾ ಕದನದ ದಿನವನ್ನೇ ಪೂರ್ವಿಕರು ಹೆಚ್ಚು ಅಶುಭವೆಂದು ಎಣಿಸಿದರು, ಏಕೆಂದರೆ ನಗರದ ಪತನ ಆ ಕದನದ ಸೋಲಿನಿಂದಲೇ ಹುಟ್ಟಿತು. ಹಾಗಾಗಿ ಕದನದ ದಿನ ಇಂದಿಗೂ ನಿಷಿದ್ಧ ದಿನ, ನಗರ ಬಿದ್ದ ದಿನವೋ ಜನಸಾಮಾನ್ಯರಿಗೆ ಗೊತ್ತೇ ಇಲ್ಲ.

ನೀರೋ ಕಾಲದ ಬೆಂಕಿಗೆ ನೂರಾ ಹನ್ನೆರಡು ವರ್ಷ ಮುಂಚಿನ ಹೇಳಿಕೆ ಇದು. ಗಾಲರು ರೋಮನ್ನು ಹಿಡಿದು ಸುಟ್ಟ ದಿನಕ್ಕೆ ಜನರ ನೆನಪಿನಲ್ಲಿ ಜಾಗವಿರಲಿಲ್ಲ ಎಂದು ರೋಮಿನ ಒಬ್ಬ ಮಾಜಿ ಕಾನ್ಸುಲ್, ಶಕುನಗಳನ್ನು ನೋಡುವ ಆಗರ್ ಪದವಿಯನ್ನೂ ಹೊಂದಿದ್ದವನು, ಬರೆದಿದ್ದಾನೆ. ಹಾಗಿದ್ದಮೇಲೆ ಕ್ರಿ.ಶ. 64ರಲ್ಲಿ ಅದೇ ದಿನ ಮರುಕಳಿಸಿತೆಂದು ಯಾರಿಗೆ ಹೊಳೆಯಲು ಸಾಧ್ಯ? ಹೊಳೆಯಬೇಕಾದರೆ ಮೊದಲು ಆ ದಿನವನ್ನು ಯಾರಾದರೂ ಲೆಕ್ಕಹಾಕಿ ಗೊತ್ತುಮಾಡಬೇಕು. ಟ್ಯಾಸಿಟಸ್ ಹೇಳುವ ‘ಕೆಲವರು’ ಮಾಡಿದ್ದು ಇದನ್ನೇ ಎಂಬುದು ನನ್ನ ನಿಲುವು. ಬೆಂಕಿ ಬಿದ್ದ ಮೇಲೆ ಹಳೆಯ ಬೆಂಕಿಯ ದಿನಾಂಕ ಸಿದ್ಧವಾಯಿತು.

ಇದಕ್ಕೆ ಬರಬಹುದಾದ ಆಕ್ಷೇಪ ಗೊತ್ತು. ಸಿಸೆರೊ ಹೇಳಿದ್ದು ಜನಸಾಮಾನ್ಯರ ಬಗ್ಗೆ. ವಿದ್ವಾಂಸರಿಗೆ ದಿನ ತಿಳಿದಿರಬಹುದಲ್ಲ? ತಿಳಿದಿತ್ತೆಂದು ಒಪ್ಪೋಣ. ಹಾಗಾದರೆ ಅವರೆಲ್ಲರ ಉತ್ತರ ಒಂದೇ ಆಗಿರಬೇಕಿತ್ತು. ಲಿವಿಯ 5ನೆಯ ಪುಸ್ತಕದ ಪ್ರಕಾರ ಗಾಲರು ಕದನ ಗೆದ್ದ ಸಂಜೆಯೇ ನಗರದ ಬಳಿ ಬಂದು ಮರುದಿನ ಒಳಹೊಕ್ಕರು. 18ಕ್ಕೆ ಒಂದು ಸೇರಿಸಿದರೆ 19. ಆದರೆ ಲಿವಿಗಿಂತ ಒಂದು ಶತಮಾನಕ್ಕೂ ಹಿಂದಿನ ಪಾಲಿಬಿಯಸ್, ಕದನವಾಗಿ ಮೂರು ದಿನಗಳ ಮೇಲೆ ನಗರ ವಶವಾಯಿತು ಎನ್ನುತ್ತಾನೆ. ಡಯೊಡೋರಸ್‌ನಲ್ಲಿ ಗಾಲರು ಮೊದಲ ದಿನ ಸತ್ತವರ ತಲೆ ಕಡಿಯುತ್ತಾ ಕಳೆದು, ಎರಡು ದಿನ ಹೊರಗೆ ಬೀಡುಬಿಟ್ಟು, ನಾಲ್ಕನೆಯ ದಿನ ಬಾಗಿಲು ಮುರಿಯುತ್ತಾರೆ. ಪ್ಲುಟಾರ್ಕ್‌ನಲ್ಲೂ ಗಾಲರ ನಾಯಕ ಬ್ರೆನ್ನಸ್ ನಗರಕ್ಕೆ ಬರುವುದು ಮೂರನೆಯ ದಿನ. ಲಿವಿಯ ಕಾಲದವನೇ ಆದ ವೆರಿಯಸ್ ಫ್ಲಾಕಸ್ ರೋಮನ್ ಪಂಚಾಂಗದ ಬಗ್ಗೆ ಅಂದಿನ ದೊಡ್ಡ ಪಂಡಿತ. ಅವನ ಮಾತನ್ನು ಔಲಸ್ ಗೆಲಿಯಸ್ ಉಳಿಸಿಕೊಟ್ಟಿದ್ದಾನೆ, ಅದರಲ್ಲಿಯೂ ನಗರ ಬೀಳುವುದು ಮೂರನೆಯ ದಿನವೇ. ಹೀಗೆ ಜುಲೈ 19ಕ್ಕೆ ಬಲ ಕೊಡುವ ಪರಂಪರೆ ಲಿವಿಯದೊಂದೇ. ಎದುರು ನಿಂತವು ಹಲವು, ಅವುಗಳಲ್ಲಿ ಒಂದು ಅವನಿಗಿಂತ ಬಹಳ ಹಳೆಯದು. ಈ ಭಿನ್ನಾಭಿಪ್ರಾಯವನ್ನು ‘ಸಣ್ಣ ವ್ಯತ್ಯಾಸ’ ಎಂದು ಬದಿಗೆ ಸರಿಸುವ ವ್ಯಾಖ್ಯಾನಕಾರರ ಬಗ್ಗೆ ನನಗೆ ತಾಳ್ಮೆಯಿಲ್ಲ. ದಿನಾಂಕಸಾಮ್ಯದ ವಾದದಲ್ಲಿ ಒಂದು ದಿನದ ವ್ಯತ್ಯಾಸವೇ ಇಡೀ ವ್ಯತ್ಯಾಸ.

ಪತ್ರ ಪಡೆದವನು ಯಾರೆಂಬುದನ್ನೂ ಮರೆಯಬಾರದು. ಆಟಿಕಸ್ ಸಾಮಾನ್ಯ ಓದುಗನಲ್ಲ. ರೋಮಿನ ಇತಿಹಾಸವನ್ನು ವರ್ಷವಾರು ಜೋಡಿಸಿ ‘ಲಿಬರ್ ಆನಾಲಿಸ್’ ಎಂಬ ಕಾಲಾನುಕ್ರಮಣಿಕೆಯನ್ನು ರಚಿಸಿದವನು. ಅಂಥವನ ಮುಂದೆ ಸಿಸೆರೊ ಇದನ್ನು ಒಂದು ಅನುಮಾನವಾಗಿ ಇಡುವುದಿಲ್ಲ, ಇಬ್ಬರಿಗೂ ಗೊತ್ತಿರುವ ವಿಷಯವಾಗಿ ಬಳಸಿ ಅದರ ಮೇಲೆ ತನ್ನ ರಾಜಕೀಯ ಹೋಲಿಕೆಯನ್ನು ಕಟ್ಟುತ್ತಾನೆ. ಆಟಿಕಸ್ ಅದನ್ನು ಅಲ್ಲಗಳೆಯಬಹುದಾಗಿದ್ದರೆ ಹೋಲಿಕೆ ಅಲ್ಲೇ ಮುರಿದುಬೀಳುತ್ತಿತ್ತು.

64ರ ನಂತರದ ಸಾಕ್ಷ್ಯವೂ ಇದೇ ದಿಕ್ಕಿಗೆ ವಾಲುತ್ತದೆ. ಬೆಂಕಿಯಾಗಿ ಐದೇ ವರ್ಷಕ್ಕೆ, ಕ್ರಿ.ಶ. 69ರಲ್ಲಿ, ವಿಟೆಲಿಯಸ್ ಪ್ರಧಾನ ಅರ್ಚಕ ಪದವಿಯನ್ನು ವಹಿಸಿಕೊಂಡು ಜುಲೈ 18ರಂದು ಸಾರ್ವಜನಿಕ ವಿಧಿಗಳ ಕುರಿತು ಆಜ್ಞೆ ಹೊರಡಿಸಿದ. ಜನ ಇದನ್ನು ಅಪಶಕುನವೆಂದು ಬಗೆದರು ಎಂದು ‘ಹಿಸ್ಟರೀಸ್’ ಗ್ರಂಥದಲ್ಲಿ ಬರೆಯುವವನು ಇದೇ ಟ್ಯಾಸಿಟಸ್. ಕಾರಣವಾಗಿ ಅವನು ಹೆಸರಿಸುವುದು ಕ್ರೆಮೆರಾ ಮತ್ತು ಆಲಿಯಾ, ಎರಡನ್ನೇ. ಹೊಗೆಯ ವಾಸನೆ ಇನ್ನೂ ಮೂಗಿನಲ್ಲಿದ್ದ ಆ ನಗರದಲ್ಲಿ ಜುಲೈ 18ರ ಅಶುಭಕ್ಕೆ ನೀರೋ ಕಾಲದ ಬೆಂಕಿಯನ್ನು ಯಾರೂ ಸೇರಿಸಲಿಲ್ಲ. ಮೌನದಿಂದ ಹೊರಡುವ ವಾದಕ್ಕೆ ಮಿತಿಯಿದೆಯೆಂದು ಬಲ್ಲೆ. ಆದರೆ ಮೂರನ್ನೂ 18ಕ್ಕೆ ಕಟ್ಟುವವರು ಈ ಮೌನಕ್ಕೆ ಉತ್ತರ ಕೊಡಬೇಕು.

ಮೌನವಲ್ಲದ ಸಾಕ್ಷ್ಯ ಕಲ್ಲಿನ ಮೇಲಿದೆ. ಡೊಮಿಷಿಯನ್ ಚಕ್ರವರ್ತಿ ನಗರದಲ್ಲಿ ಬೆಂಕಿಯ ನೆನಪಿಗೆ ಬಲಿಪೀಠಗಳನ್ನು ಹಾಕಿಸಿದ. ಕ್ವಿರಿನಾಲ್ ಗುಡ್ಡದ್ದು ಅವುಗಳಲ್ಲೊಂದು. ನೀರೋನ ಕಾಲದಲ್ಲಿ ನಗರ ಒಂಬತ್ತು ದಿನ ಉರಿಯಿತೆಂದೂ ಬಹುಕಾಲ ತೀರಿಸದೆ ಉಳಿದಿದ್ದ ಹರಕೆಯನ್ನು ಈಗ ತೀರಿಸಲಾಗುತ್ತಿದೆಯೆಂದೂ ಅದರ ಶಾಸನ ಹೇಳುತ್ತದೆ. ವರ್ಷವರ್ಷವೂ ಕೆಂಪು ಕರು ಮತ್ತು ಗಂಡುಹಂದಿಯ ಬಲಿಯಾಗಬೇಕು. ಯಾವ ದಿನ? ಜುಲೈ 19 ಅಲ್ಲ, 18 ಅಂತೂ ಅಲ್ಲವೇ ಅಲ್ಲ. ಅಗ್ನಿದೇವ ವಲ್ಕನ್‌ನ ಹಬ್ಬವಾದ ಆಗಸ್ಟ್ 23. ಬೆಂಕಿಯನ್ನು ನೆನೆಯಲು ಪ್ರಭುತ್ವ ಆರಿಸಿಕೊಂಡದ್ದು ದೇವರ ದಿನವನ್ನು, ಬೆಂಕಿಯ ದಿನವನ್ನಲ್ಲ. ಗಾಲರ ಬೆಂಕಿಯೊಂದಿಗೆ ದಿನ ಕೂಡಿಬಂದದ್ದು ನಿಜವಾಗಿ ಎಲ್ಲರ ಬಾಯಲ್ಲಿದ್ದಿದ್ದರೆ ಈ ಆಯ್ಕೆಯನ್ನು ವಿವರಿಸುವುದು ಕಷ್ಟ.

ಇನ್ನು ಎರಡು ಬೆಂಕಿಗಳ ನಡುವೆ ಅಷ್ಟೇ ವರ್ಷ, ತಿಂಗಳು, ದಿನ ಎಂಬ ಆ ಲೆಕ್ಕ. ಸಂಖ್ಯೆ ಎಷ್ಟೆಂದು ಟ್ಯಾಸಿಟಸ್ ಹೇಳಿಲ್ಲ. 418 ವರ್ಷ, 418 ತಿಂಗಳು, 418 ದಿನ ಎಂಬುದು ಆಧುನಿಕರ ಊಹೆ. ಕೂಡಿ ನೋಡಿದರೆ 418 ತಿಂಗಳೆಂದರೆ 34 ವರ್ಷ 10 ತಿಂಗಳು, 418 ದಿನವೆಂದರೆ ಒಂದು ವರ್ಷ 53 ದಿನ. ಒಟ್ಟು 454 ವರ್ಷಕ್ಕೆ ಎಂಟೊಂಬತ್ತು ದಿನ ಕಡಿಮೆ. ಆದರೆ ಕ್ರಿ.ಪೂ. 390ರಿಂದ ಕ್ರಿ.ಶ. 64ಕ್ಕೆ ನಿಜವಾಗಿ ಇರುವ ಅಂತರ 453 ವರ್ಷ. ಎರಡು ತುದಿಯ ವರ್ಷಗಳನ್ನೂ ಸೇರಿಸಿ ಎಣಿಸುವ ರೋಮನ್ ರೂಢಿಯಂತೆ 454 ಮಾಡಿಕೊಂಡು, ಉಳಿದ ದಿನಗಳನ್ನು ಕಣ್ಮುಚ್ಚಿ ಬಿಟ್ಟರೆ ಮಾತ್ರ ಲೆಕ್ಕ ಕೂಡುತ್ತದೆ. 390 ಎಂಬುದೇ ರೋಮನ್ ವಿದ್ವಾಂಸ ವಾರೊನ ಗಣನೆಗೆ ಸೇರಿದ್ದು. ಪಾಲಿಬಿಯಸ್ ನಗರದ ಪತನವನ್ನು ಆಂಟಾಲ್ಕಿಡಾಸ್ ಒಪ್ಪಂದದ ವರ್ಷಕ್ಕೆ, ಸಿರಾಕ್ಯೂಸ್‌ನ ಡಯೊನಿಸಿಯಸ್ ರೀಜಿಯಮ್ಮಿಗೆ ಮುತ್ತಿಗೆ ಹಾಕಿದ ವರ್ಷಕ್ಕೆ ಕಟ್ಟಿದ್ದಾನೆ. ಅದು ಕ್ರಿ.ಪೂ. 387 ಅಥವಾ 386. ಇಂದು ಹೆಚ್ಚಿನ ಇತಿಹಾಸಕಾರರು ಒಪ್ಪುವುದು ಇದನ್ನೇ. ವರ್ಷವೇ ಮೂರು ನಾಲ್ಕು ಜಾರಿದ ಮೇಲೆ ಆ ಲೆಕ್ಕ ಉಳಿಯುವುದಿಲ್ಲ. ಜೊತೆಗೆ ಸೀಸರನ ಸುಧಾರಣೆಗೆ ಮುಂಚೆ ರೋಮನ್ ವರ್ಷಕ್ಕೆ 355 ದಿನ. ನಡುನಡುವೆ ಅಧಿಕಮಾಸ ಸೇರಿಸುವುದು ಅರ್ಚಕರ ಕೈಯಲ್ಲಿತ್ತು. ಅಂಥ ಪಂಚಾಂಗದ ಒಂದು ದಿನಕ್ಕೂ ಜೂಲಿಯನ್ ಪಂಚಾಂಗದ ಅದೇ ಹೆಸರಿನ ದಿನಕ್ಕೂ ಸಂಬಂಧ ಹೆಸರಿನದಷ್ಟೇ.

ಕ್ರೆಮೆರಾದ ಕತೆಯೂ ಇದೇ ಬಗೆಯದು, ಆದರೆ ಹಿಂದಿನ ತಲೆಮಾರಿನ ಕೈಕೆಲಸ. ಲಿವಿ ತನ್ನ 6ನೆಯ ಪುಸ್ತಕದಲ್ಲಿ ಜುಲೈ 18 ಎರಡು ದುರಂತಗಳ ದಿನ ಎನ್ನುತ್ತಾನೆ. 2ನೆಯ ಪುಸ್ತಕದಲ್ಲಿ ಫೇಬಿಯಸರ ಸಾವನ್ನು ವಿಸ್ತಾರವಾಗಿ ಬಣ್ಣಿಸುವಾಗ ಅವನೇ ದಿನ ಕೊಡುವುದಿಲ್ಲ. ಓವಿಡ್ ತನ್ನ ‘ಫಾಸ್ಟಿ’ಯಲ್ಲಿ ಅವರು ಸತ್ತದ್ದು ಫೆಬ್ರವರಿ 13ರಂದು ಎಂದು ಸ್ಪಷ್ಟವಾಗಿ ಹೇಳುತ್ತಾನೆ. ಫೇಬಿಯಸರು ಹೊರಟ ದಿನವನ್ನು ಅವರು ಸತ್ತ ದಿನವೆಂದು ಓವಿಡ್ ತಪ್ಪು ತಿಳಿದ ಎಂಬ ಸಮನ್ವಯ ನಮ್ಮಲ್ಲಿ ತುಂಬ ಪ್ರಚಾರದಲ್ಲಿದೆ. ಕವಿಗೆ ತಪ್ಪು ಹೊರಿಸುವುದು ಸುಲಭ; ಇತಿಹಾಸಕಾರನೇ ಕೂಡಿಸಿರಬಹುದು ಎಂದು ಸಂಶಯಪಡಲು ಮಾತ್ರ ಈ ಸಮನ್ವಯಕಾರರಿಗೆ ಸಂಕೋಚ. ಆಂಟಿಯಮ್‌ನಲ್ಲಿ ದೊರೆತ, ಸೀಸರನ ಸುಧಾರಣೆಗೆ ಹಿಂದಿನ ವರ್ಣಲಿಖಿತ ಪಂಚಾಂಗ ಜುಲೈ 18ಕ್ಕೆ ಆಲಿಯಾ ಒಂದನ್ನೇ ಹೇಳುತ್ತದೆ. ಅದೇ ಊರಿನ, ಚಕ್ರವರ್ತಿಗಳ ಕಾಲದ ಮತ್ತೊಂದು ಪಂಚಾಂಗದಲ್ಲಿ ಆಲಿಯಾದ ಪಕ್ಕ ಫೇಬಿಯಸರೂ ಬಂದಿದ್ದಾರೆ. ಅಶುಭವೆಂದು ಒಮ್ಮೆ ಹೆಸರಾದ ದಿನ ಹೊಸ ಅಶುಭಗಳನ್ನು ತನ್ನತ್ತ ಸೆಳೆಯುತ್ತಿತ್ತು. ರೋಮನ್ನರಲ್ಲೇ ಇದಕ್ಕೆ ಮಣಿಯದವರೂ ಇದ್ದರು. ಕ್ರಿ.ಪೂ. 105ರಲ್ಲಿ ಅರೌಸಿಯೊದಲ್ಲಿ ರೋಮನ್ ಸೇನಾನಿ ಕೀಪಿಯೊನ ಸೈನ್ಯ ನಾಶವಾದ ಅಕ್ಟೋಬರ್ 6ರಂದೇ ಕ್ರಿ.ಪೂ. 69ರಲ್ಲಿ ಲುಕುಲಸ್ ಟಿಗ್ರನೊಸರ್ಟದ ಬಳಿ ಯುದ್ಧಕ್ಕೆ ನಿಂತ. ಅದು ಕೆಟ್ಟ ದಿನವೆಂದು ಎಚ್ಚರಿಸಿದವರಿಗೆ, ಈ ದಿನವನ್ನು ನಾನು ಒಳ್ಳೆಯದಾಗಿಸುತ್ತೇನೆ ಎಂದನಂತೆ, ಗೆದ್ದ. ದಿನಗಳ ಗುಣದೋಷದ ಈ ಚರ್ಚೆಗೆ ಪ್ಲುಟಾರ್ಕ್ ಕಮಿಲಸನ ಚರಿತ್ರೆಯಲ್ಲಿ ಒಂದಿಡೀ ಅಧ್ಯಾಯ ಕೊಟ್ಟಿದ್ದಾನೆ. ಅದನ್ನು ಅಪ್ರಸ್ತುತ ಪ್ರಸಂಗವೆಂದು ದಾಟಿಹೋಗುವುದು ಅನ್ಯಾಯ.

ಕನ್ನಡದ ಓದುಗರಿಗೆ ಈ ಬಗೆಯ ಪರೀಕ್ಷೆ ಹೊಸದೇನಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ಶಾಸನತಜ್ಞರಾದ ರೈಸ್ ಮತ್ತು ಫ್ಲೀಟ್ ಪಟ್ಟು ಬಿಡದೆ ವಾದಿಸಿದಾಗ, ಶಾಸನದಲ್ಲಿ ಬರೆದ ತಿಥಿ ವಾರಗಳು ಪಂಚಾಂಗಕ್ಕೆ ಕೂಡಿಬರುತ್ತವೆಯೇ ಎಂದು ಕೇಳುವ ಶಿಸ್ತು ನಮ್ಮಲ್ಲಿ ಬೇರೂರಿತು. ಶಾಸನದ ಕಾಲವನ್ನು ನಂಬುವ ಮುನ್ನ ಸ್ವಾಮಿಕಣ್ಣು ಪಿಳ್ಳೆಯವರ ‘ಇಂಡಿಯನ್ ಎಫಿಮೆರಿಸ್’ ತೆರೆಯುವವರು ರೋಮಿನ ವಿಷಯಕ್ಕೆ ಬಂದಾಗ ಮಾತ್ರ ಕೈಪಿಡಿಯ ಸಾಲನ್ನು ಹಾಗೆಯೇ ಇಳಿಸಿಕೊಳ್ಳಬಾರದು.

ಆದ್ದರಿಂದ ನಮ್ಮ ವಿಶ್ವಕೋಶಗಳಲ್ಲೂ ಪಠ್ಯಪುಸ್ತಕಗಳಲ್ಲೂ ಈ ನಮೂದು ಹೀಗಿರಬೇಕು. ಜುಲೈ 18ರಂದು ಆಲಿಯಾದ ಸೋಲು. ಕ್ರೆಮೆರಾದ ದಿನ ವಿವಾದಾಸ್ಪದ, ಲಿವಿಗೂ ಓವಿಡ್‌ಗೂ ಹೊಂದಾಣಿಕೆಯಿಲ್ಲ. ಜುಲೈ 19ರಂದು ನೀರೋ ಕಾಲದ ಬೆಂಕಿ. ಗಾಲರು ರೋಮನ್ನು ಸುಟ್ಟ ದಿನಾಂಕದ ಜಾಗವನ್ನು ಖಾಲಿ ಬಿಡಬೇಕು.